ಬುದ್ಧಿಹಲ್ಲಿನ ಲೆಕ್ಕಾಚಾರ

ಮನುಷ್ಯನ ಬಾಯಲ್ಲಿ ಕಟ್ಟಕಡೆಗೆ ಹುಟ್ಟುವ ಹಲ್ಲುಗಳಿಗೆ ಬುದ್ಧಿಹಲ್ಲುಗಳೆಂದು ಹೆಸರು. ಸಾಮಾನ್ಯವಾಗಿ 17ರಿಂದ 25 ವರ್ಷಗಳ ನಡುವೆ, ಎರಡು ದವಡೆಗಳ ನಾಲ್ಕು ಕೊನೆಗಳಲ್ಲಿ ಒಂದೊಂದರಂತೆ ಇವು ತಲೆದೋರುತ್ತವೆ. ಬುದ್ಧಿ ಬಲಿಯುವ ವಯಸ್ಸಿನಲ್ಲಿ ಬರುವುದರಿಂದ ಈ ಹೆಸರು ಬಂದಿತೇ ಹೊರತು ಬುದ್ಧಿಗೂ ಈ ಹಲ್ಲಿಗೂ ಬೇರೆ ನಂಟೇನೂ ಇಲ್ಲ. ಇವು ಹುಟ್ಟದೆಯೇ ಇರುವ ಜನರೂ ಉಂಟು. ಅವರು ಯಾರಿಗಿಂತಲೂ ದಡ್ಡರಲ್ಲ.

ಊಟದ ಪಂಕ್ತಿಗೆ ತಡವಾಗಿ ಬಂದವನಿಗೆ ಎಲೆ ಹಾಕಲು ಸ್ಥಳವಿಲ್ಲದಂತೆ, ಈ ಹಲ್ಲು ಬರುವ ವೇಳೆಗೆ ಅನೇಕರ ದವಡೆಯಲ್ಲಿ ಜಾಗವೇ ಉಳಿದಿರುವುದಿಲ್ಲ. ಆಗ ಅದು ಮುಂದಕ್ಕೋ ಹಿಂದಕ್ಕೋ ವಾಲುತ್ತದೆ, ಅಡ್ಡಲಾಗಿ ಮಲಗುತ್ತದೆ, ಇಲ್ಲವೇ ಮೂಳೆಯೊಳಗೇ ಹುದುಗಿಬಿಡುತ್ತದೆ. ಅರ್ಧ ಮೇಲೆ ಬಂದ ಹಲ್ಲಿನ ಸಂದಿಯಲ್ಲಿ ಅನ್ನದ ಅಗುಳು ಸಿಲುಕಿ ಒಸಡು ಬಾಯುತ್ತದೆ, ಪಕ್ಕದ ಒಳ್ಳೆಯ ಹಲ್ಲೂ ಹುಳುಕಾಗುತ್ತದೆ. ಕೊನೆಗೆ ಅದನ್ನು ತೆಗೆಸಲೇಬೇಕಾಗುತ್ತದೆ.

ಹಲ್ಲು ತೆಗೆಸಿಕೊಳ್ಳಲು ಬಂದವರು ಮೊದಲು ಕೇಳುವುದು, ‘ಎಷ್ಟು ಹೊತ್ತು ಹಿಡಿಯುತ್ತದೆ?’ ಎಂದು. ವೈದ್ಯನಿಗೂ ಇದರ ಉತ್ತರ ಬೇಕು. ಒಂದು ಹಲ್ಲು ಕೆಲವೇ ನಿಮಿಷಗಳಲ್ಲಿ ಕೈಗೆ ಬಂದರೆ, ಇನ್ನೊಂದಕ್ಕೆ ಒಸಡನ್ನು ಸೀಳಿ, ಮೂಳೆಯನ್ನು ಕೊರೆದು, ಹಲ್ಲನ್ನು ತುಂಡರಿಸಿ ತೆಗೆಯಬೇಕಾಗುತ್ತದೆ. ಮೇಲ್ದವಡೆಯ ಮೂಳೆ ಮೃದುವಾದುದರಿಂದ ಅಲ್ಲಿನ ಹಲ್ಲು ಅಷ್ಟಾಗಿ ಹಟ ಹಿಡಿಯುವುದಿಲ್ಲ. ನಿಜವಾದ ಕಷ್ಟವಿರುವುದು ಗಟ್ಟಿ ಮೂಳೆಯ ಕೆಳದವಡೆಯಲ್ಲಿ.

1895ರಲ್ಲಿ ರಾಂಟ್‌ಜನ್ ಎಂಬ ಜರ್ಮನ್ ವಿಜ್ಞಾನಿ ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ, ಮೂಳೆಯೊಳಗಿನ ಹಲ್ಲನ್ನು ಮುಂಚಿತವಾಗಿ ನೋಡುವುದು ಸಾಧ್ಯವಾಯಿತು. ಅಮೆರಿಕದ ದಂತವೈದ್ಯ ಜಾರ್ಜ್ ವಿಂಟರ್ 1926ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇಂಥ ಹಲ್ಲುಗಳನ್ನು ಅವು ವಾಲಿರುವ ದಿಕ್ಕಿನಿಂದ ವಿಂಗಡಿಸಿದನು. ಅವನ ಹೆಸರಿನಲ್ಲಿ ಬಳಕೆಗೆ ಬಂದ ಮೂರು ಗೆರೆಗಳ ಕ್ರಮವೂ ಉಂಟು. ಮುಂದಿನ ದವಡೆಹಲ್ಲುಗಳ ನೆತ್ತಿಯನ್ನು ಸವರಿಕೊಂಡು ಹಿಂದಕ್ಕೆ ಎಳೆಯುವುದು ಬಿಳಿಯ ಗೆರೆ; ಮೂಳೆಯ ಮಟ್ಟವನ್ನು ತೋರಿಸುವುದು ಹಳದಿ ಗೆರೆ; ಆ ಮಟ್ಟದಿಂದ, ಉಪಕರಣವನ್ನು ಊರಿ ಹಲ್ಲನ್ನು ಮೀಟಬೇಕಾದ ಬಿಂದುವಿನವರೆಗೆ ನೇರವಾಗಿ ಇಳಿಯುವುದು ಕೆಂಪು ಗೆರೆ. ಕೆಂಪು ಗೆರೆ ಉದ್ದವಾದಷ್ಟೂ ಶ್ರಮ ಹೆಚ್ಚು. ಅದು 5 ಮಿಲಿಮೀಟರನ್ನು ಮೀರಿದರೆ ರೋಗಿಗೆ ಪೂರ್ಣ ಅರಿವಳಿಕೆ ಕೊಡುವುದು ಲೇಸೆಂದು ವೈದ್ಯರು ಎಣಿಸುತ್ತಿದ್ದರು.

1933ರಲ್ಲಿ ಪೆಲ್ ಮತ್ತು ಗ್ರೆಗರಿ ಎಂಬವರು ಇನ್ನೆರಡು ಅಂಶಗಳನ್ನು ಗಣನೆಗೆ ತಂದರು: ಹಲ್ಲು ಎಷ್ಟು ಆಳದಲ್ಲಿದೆ, ಮತ್ತು ಅದರ ಮುಂದಿನ ದವಡೆಹಲ್ಲಿಗೂ ದವಡೆಯ ಹಿಂದೆ ಮೇಲೇರುವ ಮೂಳೆಗೂ ನಡುವೆ ಎಷ್ಟು ಸ್ಥಳವಿದೆ. 1988ರಲ್ಲಿ ಪೆಡರ್ಸನ್ ಎಂಬವನು ಇವೆಲ್ಲವನ್ನೂ ಕೂಡಿಸಿ ಅಂಕಗಳನ್ನು ಗೊತ್ತುಮಾಡಿದನು. ಆಳಕ್ಕೆ 1ರಿಂದ 3, ಸ್ಥಳದ ಕೊರತೆಗೆ 1ರಿಂದ 3. ವಾಲಿಕೆಗಾದರೋ, ಮುಂದಕ್ಕೆ ಬಾಗಿದ ಹಲ್ಲಿಗೆ 1, ಅಡ್ಡ ಮಲಗಿದ್ದಕ್ಕೆ 2, ನೆಟ್ಟಗಿರುವುದಕ್ಕೆ 3, ಹಿಂದಕ್ಕೆ ವಾಲಿದ್ದಕ್ಕೆ 4. ಒಟ್ಟು 3 ಅಥವಾ 4 ಬಂದರೆ ಸುಲಭ, 5 ಅಥವಾ 6 ಬಂದರೆ ಮಧ್ಯಮ, 7ರಿಂದ 10ರವರೆಗೆ ಬಹು ಕಷ್ಟ.

ನೆಟ್ಟಗಿರುವ ಹಲ್ಲಿಗಿಂತ ಅಡ್ಡ ಮಲಗಿದ್ದು ಸುಲಭವೆಂಬ ಮಾತು ವಿಚಿತ್ರವಾಗಿ ತೋರಬಹುದು. ಮುಂದಕ್ಕೆ ಬಾಗಿದ ಅಥವಾ ಮಲಗಿದ ಹಲ್ಲಿನ ಮುಂಬದಿಯಲ್ಲಿ ಉಪಕರಣ ಊರಲು ಎಡೆಯಿರುತ್ತದೆ. ಬೇಕಾದರೆ ಅದರ ತಲೆಯನ್ನು ಬೇರಿನಿಂದ ಬೇರ್ಪಡಿಸಿ ತೆಗೆಯಬಹುದು. ಹಿಂದಕ್ಕೆ ವಾಲಿದ ಹಲ್ಲಿನ ತಲೆಯಾದರೋ ಏರುವ ಮೂಳೆಯ ಮರೆಯಲ್ಲಿ ಹೂತಿರುತ್ತದೆ. ಮೀಟಿದಷ್ಟೂ ಅದು ಹೊರಗೆ ಬಾರದೆ ಹಿಂದಕ್ಕೆ, ಮೂಳೆಯೊಳಕ್ಕೇ ಸರಿಯುತ್ತದೆ. ಚಿತ್ರದಲ್ಲಿ ಸಾಧುವಾಗಿ ಕಾಣುವ ಹಲ್ಲೇ ಕೆಲಸದಲ್ಲಿ ಮೊಂಡಾಗುವುದು ಹೀಗೆ.

ಅಂಕಗಳು ಅನುಕೂಲವಾದರೂ ಎಲ್ಲವನ್ನೂ ಹೇಳಲಾರವು. ಕಷ್ಟವೆಂದು ಎಣಿಸಿದ ಹಲ್ಲು ಸಲೀಸಾಗಿ ಬಂದದ್ದೂ, ಸುಲಭವೆಂದದ್ದು ಬೆವರಿಳಿಸಿದ್ದೂ ಉಂಟು. ಬೇರುಗಳು ಒಂದಾಗಿ ಕೂಡಿದ್ದರೆ ಒಂದು ಬಗೆ, ಕವಲೊಡೆದು ಕೊಕ್ಕೆಯಂತೆ ಬಾಗಿದ್ದರೆ ಇನ್ನೊಂದು ಬಗೆ. ಎಳೆಯ ವಯಸ್ಸಿನಲ್ಲಿ ಬೇರು ಪೂರ್ತಿ ಬೆಳೆದಿರುವುದಿಲ್ಲ, ಮೂಳೆಯೂ ಬಳುಕುತ್ತದೆ. ವಯಸ್ಸು ಏರಿದಂತೆ ಮೂಳೆ ಬಿರುಸಾಗುತ್ತದೆ. ರೋಗಿ ಬಾಯಿಯನ್ನು ಎಷ್ಟು ಅಗಲ ತೆರೆಯಬಲ್ಲನೆಂಬುದೂ, ವೈದ್ಯನ ಕೈ ಎಷ್ಟು ಪಳಗಿದೆಯೆಂಬುದೂ ಲೆಕ್ಕಕ್ಕೆ ಸೇರಬೇಕು. ಆದುದರಿಂದ ಅನುಭವಿಯಾದ ವೈದ್ಯನು ನಿಮಿಷಗಳನ್ನು ಕರಾರುವಾಕ್ಕಾಗಿ ಹೇಳದೆ, ‘ಇಷ್ಟರಿಂದ ಇಷ್ಟರೊಳಗೆ’ ಎನ್ನುತ್ತಾನೆ.

ಕಾಲಕ್ಕಿಂತ ದೊಡ್ಡ ಪ್ರಶ್ನೆ ನರದ್ದು. ಕೆಳದವಡೆಯ ಮೂಳೆಯಲ್ಲಿ ಒಂದು ಸಣ್ಣ ನಾಳವಿದ್ದು, ಕೆಳತುಟಿಗೂ ಗದ್ದಕ್ಕೂ ಸ್ಪರ್ಶಜ್ಞಾನ ಕೊಡುವ ನರವು ಅದರೊಳಗೆ ಹರಿಯುತ್ತದೆ. ಬುದ್ಧಿಹಲ್ಲಿನ ಬೇರು ಇದಕ್ಕೆ ತಾಗಿದ್ದರೆ, ಹಲ್ಲು ತೆಗೆಯುವಾಗ ನರಕ್ಕೆ ಪೆಟ್ಟಾಗಿ ತುಟಿ ಜೋಮು ಹಿಡಿಯಬಹುದು. ಹೆಚ್ಚಿನವರಿಗೆ ಅದು ಕ್ರಮೇಣ ಇಳಿಯುತ್ತದೆ, ಅಪರೂಪಕ್ಕೆ ಉಳಿದುಬಿಡುತ್ತದೆ. ಕ್ಷ-ಕಿರಣದ ಚಿತ್ರದಲ್ಲಿ ನಾಳವು ದಾಟುವೆಡೆ ಬೇರು ಕಪ್ಪಾಗಿ ಕಂಡರೆ, ನಾಳದ ಬಿಳಿಯ ಅಂಚು ಅಲ್ಲಿ ಕಡಿದುಹೋಗಿದ್ದರೆ, ನಾಳವೇ ದಿಕ್ಕು ಬದಲಿಸಿದ್ದರೆ ವೈದ್ಯನು ಎಚ್ಚರಗೊಳ್ಳುತ್ತಾನೆ. ಈಗ ಮೂರು ಆಯಾಮಗಳಲ್ಲಿ ತೋರಿಸುವ ಸ್ಕ್ಯಾನ್ ತೆಗೆಸಿ, ನರವು ಬೇರಿನ ಯಾವ ಮಗ್ಗುಲಲ್ಲಿದೆ ಎಂದು ನೋಡಲಾಗುತ್ತದೆ. ಅಪಾಯ ಹೆಚ್ಚೆಂದು ಕಂಡರೆ, ಕೆಲವೊಮ್ಮೆ ಹಲ್ಲಿನ ತಲೆಯನ್ನಷ್ಟೇ ಕತ್ತರಿಸಿ ತೆಗೆದು, ನರಕ್ಕೆ ಅಂಟಿದ ಬೇರುಗಳನ್ನು ಇದ್ದಲ್ಲಿಯೇ ಬಿಡುತ್ತಾರೆ.