ಸ್ಟಬ್‌ನೊಳಗೆ ಯಾವ ವಿಳಾಸವಿದೆ?

ಸರ್ವರ್ ಓಡುತ್ತಿದೆ. ಅದೇ ಕಂಪ್ಯೂಟರಿನಲ್ಲಿ ಕ್ಲೈಂಟ್ ಪ್ರೋಗ್ರಾಮನ್ನು ಓಡಿಸಿದರೆ ಉತ್ತರ ಥಟ್ಟನೆ ಬರುತ್ತದೆ. ಪಕ್ಕದ ಮೇಜಿನ ಕಂಪ್ಯೂಟರಿಗೆ ಹೋಗಿ ಅದೇ ಕ್ಲೈಂಟನ್ನು ಓಡಿಸಿ ನೋಡಿ. ರಿಜಿಸ್ಟ್ರಿ ಸಿಗುತ್ತದೆ, ಲುಕಪ್ ಕೂಡ ಸರಿಯಾಗುತ್ತದೆ. ಆದರೆ ಮೊದಲ ಮೆಥಡ್ ಕರೆದ ಕೂಡಲೇ 127.0.1.1 ಸಂಪರ್ಕ ನಿರಾಕರಿಸಿತು ಎಂಬ ಎಕ್ಸೆಪ್ಶನ್ ಬೀಳುತ್ತದೆ. ನಾವು ಕೊಟ್ಟದ್ದು ಸರ್ವರಿನ ವಿಳಾಸ, ಕ್ಲೈಂಟು ಹುಡುಕಿಕೊಂಡು ಹೋದದ್ದು ತನ್ನದೇ ಯಂತ್ರವನ್ನು! ಜಾವಾದ ಆರ್‌ಎಂಐ ಕಲಿಯುವಾಗ ನಾನು ಇದೇ ಜಾಗದಲ್ಲಿ ಎರಡು ದಿನ ಕೋಡನ್ನು ತಿದ್ದುತ್ತ ಕೂತಿದ್ದೆ. ತಪ್ಪು ಕೋಡಿನಲ್ಲಿರಲಿಲ್ಲ.

ಆರ್‌ಎಂಐ ಎಂದರೆ ರಿಮೋಟ್ ಮೆಥಡ್ ಇನ್ವೊಕೇಶನ್. ಬೇರೊಂದು ಕಂಪ್ಯೂಟರಿನ ಜಾವಾ ಯಂತ್ರದಲ್ಲಿರುವ ಆಬ್ಜೆಕ್ಟಿನ ಮೆಥಡನ್ನು ಇಲ್ಲಿಂದಲೇ ಕರೆಯುವ ವ್ಯವಸ್ಥೆ ಇದು. 1997ರಲ್ಲಿ ಜೆಡಿಕೆ 1.1ರ ಜೊತೆಗೆ ಬಂತು. ದೂರದ ಪ್ರೊಸೀಜರನ್ನು ಹತ್ತಿರದ್ದರಂತೆ ಕರೆಯುವ ವಿಚಾರ ಅದಕ್ಕಿಂತ ಹಳೆಯದು. ಜೆರಾಕ್ಸ್ ಸಂಸ್ಥೆಯ ಬಿರೆಲ್ ಮತ್ತು ನೆಲ್ಸನ್ 1984ರಲ್ಲೇ ಅದನ್ನು ವಿವರವಾಗಿ ಬರೆದಿದ್ದರು. ಆರ್‌ಎಂಐ ಅದನ್ನು ಆಬ್ಜೆಕ್ಟುಗಳ ಲೋಕಕ್ಕೆ ತಂದಿತು.

ಒಂದು ಬಸ್ಸಿನ ಸೀಟುಗಳ ಲೆಕ್ಕ ಇಡುವ ಸರ್ವರ್ ಬರೆಯುತ್ತೇವೆ ಎಂದುಕೊಳ್ಳಿ. ಮೊದಲು ಬೇಕಾದದ್ದು ಒಂದು ಇಂಟರ್‌ಫೇಸ್. ಅದಕ್ಕೆ 'ಸೀಟುಗಳು' ಎಂದೇ ಹೆಸರಿಡೋಣ, ಒಳಗೆ 'ಉಳಿದದ್ದು', 'ಕಾಯ್ದಿರಿಸು' ಎಂಬ ಎರಡು ಮೆಥಡ್. (ಜಾವಾ ಯೂನಿಕೋಡನ್ನು ಒಪ್ಪುವುದರಿಂದ ಕನ್ನಡ ಅಕ್ಷರದ ಈ ಹೆಸರುಗಳನ್ನು ಕಂಪೈಲರ್ ನಿಜಕ್ಕೂ ಸ್ವೀಕರಿಸುತ್ತದೆ. ಮಕ್ಕಳಿಗೆ ಕಲಿಸುವವರು ಇದನ್ನು ಬಳಸಿಕೊಳ್ಳಬೇಕೆಂಬುದು ನನ್ನ ಆಸೆ.) ಇಂಟರ್‌ಫೇಸು 'ರಿಮೋಟ್' ಎಂಬುದನ್ನು ವಿಸ್ತರಿಸಬೇಕು, ಒಂದೊಂದು ಮೆಥಡೂ 'ರಿಮೋಟ್‌ಎಕ್ಸೆಪ್ಶನ್' ಬರಬಹುದೆಂದು ಘೋಷಿಸಬೇಕು. ಈ ಇಂಟರ್‌ಫೇಸ್ ಎರಡೂ ಕಡೆ ಇರಬೇಕು. ಕೆಲಸ ಮಾಡುವ ಕ್ಲಾಸು ಸರ್ವರಿನಲ್ಲಿದ್ದರೆ ಸಾಕು.

ಸರ್ವರ್ ತನ್ನ ಆಬ್ಜೆಕ್ಟನ್ನು 'ಎಕ್ಸ್‌ಪೋರ್ಟ್' ಮಾಡಿದಾಗ ಎರಡು ಸಂಗತಿ ನಡೆಯುತ್ತವೆ: ಒಂದು ಟಿಸಿಪಿ ಪೋರ್ಟ್ ತೆರೆದು ಕರೆಗಳಿಗೆ ಕಾಯತೊಡಗುತ್ತದೆ, ಜೊತೆಗೆ ಕ್ಲೈಂಟಿನ ಕಡೆ ಆ ಆಬ್ಜೆಕ್ಟಿನ ಪ್ರತಿನಿಧಿಯಾಗುವ ಒಂದು ಸ್ಟಬ್ ಹುಟ್ಟುತ್ತದೆ. ಹಿಂದೆ ಈ ಸ್ಟಬ್ಬನ್ನು 'ಆರ್‌ಎಂಐಸಿ' ಎಂಬ ಪ್ರತ್ಯೇಕ ಸಲಕರಣೆಯಿಂದ ತಯಾರಿಸಬೇಕಿತ್ತು. 2004ರ ಜಾವಾ 5ರಿಂದ ಅದು ಓಡುವಾಗಲೇ ತಾನಾಗಿ ತಯಾರಾಗುತ್ತದೆ. ಹಳೆಯ ಪುಸ್ತಕ ಹಿಡಿದು ಕಲಿಯುವವರು ಆ ಅಧ್ಯಾಯ ಬಿಟ್ಟು ಮುಂದೆ ಹೋಗಬಹುದು.

ಸರ್ವರ್ ಈ ಸ್ಟಬ್ಬನ್ನು ರಿಜಿಸ್ಟ್ರಿಯಲ್ಲಿ ಒಂದು ಹೆಸರಿನಡಿ ಇಡುತ್ತದೆ. ರಿಜಿಸ್ಟ್ರಿಯ ವಾಡಿಕೆಯ ಪೋರ್ಟ್ 1099. ಕ್ಲೈಂಟು ಅಲ್ಲಿಗೆ ಹೋಗಿ ಹೆಸರು ಹೇಳಿದರೆ (ಇದೇ ಲುಕಪ್) ಸ್ಟಬ್‌ನ ಒಂದು ಪ್ರತಿ ಕೈಗೆ ಬರುತ್ತದೆ. ಅಲ್ಲಿಗೆ ರಿಜಿಸ್ಟ್ರಿಯ ಕೆಲಸ ಮುಗಿಯಿತು. ಇನ್ನು ಮುಂದಿನ ಕರೆಗಳೆಲ್ಲ ಸ್ಟಬ್‌ನೊಳಗೆ ಬರೆದಿರುವ ಹೋಸ್ಟ್, ಪೋರ್ಟ್ ಮತ್ತು ಆಬ್ಜೆಕ್ಟ್ ಗುರುತನ್ನು ಹಿಡಿದು ನೇರವಾಗಿ ಹೋಗುತ್ತವೆ. ಅಂದರೆ ಸ್ಟಬ್ ಒಂದು ವಿಳಾಸದ ಚೀಟಿ, ಅದನ್ನು ಬರೆದದ್ದು ಸರ್ವರ್.

ಸರ್ವರ್ ತನ್ನ ವಿಳಾಸವನ್ನು ಆಪರೇಟಿಂಗ್ ಸಿಸ್ಟಮನ್ನು ಕೇಳಿ ಬರೆಯುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಯಂತ್ರದ ಹೆಸರಿಗೆ 127.0.1.1 ಎಂದು ಹೋಸ್ಟ್ಸ್ ಫೈಲಿನಲ್ಲಿ ಬರೆದಿರುವುದು ಸಾಮಾನ್ಯ. ಊರಿಗೆ ಕರೆಯುವವರು ಚೀಟಿಯಲ್ಲಿ 'ನಮ್ಮ ಮನೆ' ಎಂದಷ್ಟೇ ಬರೆದು ಕೊಟ್ಟಂತೆ ಇದು. ಚೀಟಿ ಓದಿದವರೆಲ್ಲ ಅವರವರ ಮನೆಗೇ ಹೋಗುತ್ತಾರೆ. ಸರ್ವರಿನ ಜೊತೆ ಒಂದೇ ಮನೆಯಲ್ಲಿರುವ ಕ್ಲೈಂಟಿಗೆ ಮಾತ್ರ ಅದು ಸರಿಯಾದ ವಿಳಾಸ.

ಪರಿಹಾರ ಒಂದೇ ಸಾಲಿನದು. ಸರ್ವರನ್ನು ಚಾಲೂ ಮಾಡುವಾಗ 'ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್' ಎಂಬ ಪ್ರಾಪರ್ಟಿಗೆ, ಕ್ಲೈಂಟುಗಳು ತಲುಪಬಲ್ಲ ವಿಳಾಸವನ್ನು ಕೊಡಬೇಕು. ಆಬ್ಜೆಕ್ಟ್ ಎಕ್ಸ್‌ಪೋರ್ಟ್ ಆಗುವುದಕ್ಕೆ ಮೊದಲೇ ಕೊಡಬೇಕು. ಕ್ಲೈಂಟಿನ ಕಡೆ ಇದನ್ನು ಎಷ್ಟು ಸಲ ಬರೆದರೂ ಈ ತೊಂದರೆ ಹೋಗದು, ಏಕೆಂದರೆ ಚೀಟಿ ಬರೆಯುವ ಕೈ ಅತ್ತ ಇದೆ.

ಪೋರ್ಟಿನದು ಇನ್ನೊಂದು ತೊಡಕು. ಎಕ್ಸ್‌ಪೋರ್ಟ್ ಮಾಡುವಾಗ ಪೋರ್ಟಿನ ಜಾಗದಲ್ಲಿ 0 ಕೊಟ್ಟರೆ ಖಾಲಿ ಇರುವ ಯಾವುದೋ ಪೋರ್ಟ್ ಸಿಗುತ್ತದೆ, ಮುಂದಿನ ಸಲ ಬೇರೆಯದು. ಫೈರ್‌ವಾಲ್ ನೋಡಿಕೊಳ್ಳುವವರು 1099 ಮಾತ್ರ ತೆರೆದಿದ್ದರೆ ಲುಕಪ್ ಆಗುತ್ತದೆ, ಮೆಥಡ್ ಕರೆ ಮಾತ್ರ ಉತ್ತರವಿಲ್ಲದೆ ಕಾಯುತ್ತ ನಿಲ್ಲುತ್ತದೆ. ಆದ್ದರಿಂದ ನಿಗದಿತ ಪೋರ್ಟನ್ನೇ ಕೊಡಿ. ರಿಜಿಸ್ಟ್ರಿಯೂ ಆಬ್ಜೆಕ್ಟೂ ಒಂದೇ ಜಾವಾ ಪ್ರಕ್ರಿಯೆಯಲ್ಲಿದ್ದರೆ ಎರಡಕ್ಕೂ 1099 ಸಾಕು.

ಲುಕಪ್ಪೇ ಸೋತರೆ ತೊಂದರೆ ರಿಜಿಸ್ಟ್ರಿಯ ದಾರಿಯಲ್ಲಿದೆ. ಲುಕಪ್ ಆಗಿ ಕರೆ ಸೋತರೆ ಕೋಡನ್ನು ಮುಟ್ಟದೆ, ಕೈಗೆ ಬಂದ ಸ್ಟಬ್ಬನ್ನು ಹಾಗೇ ಪ್ರಿಂಟ್ ಮಾಡಿ. 'ಎಂಡ್‌ಪಾಯಿಂಟ್' ಎಂಬ ಮಾತಿನ ಮುಂದೆ ವಿಳಾಸ, ಪೋರ್ಟ್ ಎರಡೂ ಕಾಣುತ್ತವೆ. ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ನನ್ನ ಎರಡು ದಿನ ಉಳಿಯುತ್ತಿತ್ತು.

ಸಂಪರ್ಕ ಸಿಕ್ಕ ಮೇಲೂ ಎಚ್ಚರ ಬೇಕು. 'ಕಾಯ್ದಿರಿಸು' ಎಂದು ಕರೆದಿರಿ, ನಡುವೆ ನೆಟ್‌ವರ್ಕ್ ಕಡಿಯಿತು. ಸೀಟು ಹೋಯಿತೋ ಇಲ್ಲವೋ? ಒಂದೇ ಯಂತ್ರದೊಳಗಿನ ಕರೆಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ಸನ್ ಮೈಕ್ರೋಸಿಸ್ಟಮ್ಸ್‌ನ ವಾಲ್ಡೊ, ವಯಂಟ್, ವೋಲ್‌ರಾತ್, ಕೆಂಡಾಲ್ ನಾಲ್ವರೂ 1994ರ ಟಿಪ್ಪಣಿಯೊಂದರಲ್ಲಿ ಇದನ್ನೇ ವಾದಿಸಿದರು: ದೂರದ ಆಬ್ಜೆಕ್ಟನ್ನು ಹತ್ತಿರದ್ದೆಂದು ಬಿಂಬಿಸುವುದು ತಪ್ಪು. ಅವರಲ್ಲಿ ಆನ್ ವೋಲ್‌ರಾತ್ ಆಮೇಲೆ ಆರ್‌ಎಂಐ ರೂಪಿಸಿದವರಲ್ಲಿ ಪ್ರಮುಖರು. ಪ್ರತಿ ಮೆಥಡಿಗೂ ರಿಮೋಟ್‌ಎಕ್ಸೆಪ್ಶನ್ ಕಡ್ಡಾಯವಾಗಿರುವುದನ್ನು ಹಲವರು ಕಿರಿಕಿರಿ ಎನ್ನುತ್ತಾರೆ. ನನಗೆ ಅದು ಪ್ರಾಮಾಣಿಕತೆಯಾಗಿ ಕಾಣುತ್ತದೆ.

ಆ ಎಕ್ಸೆಪ್ಶನ್ ಹಿಡಿದು ಸುಮ್ಮನೆ ಮತ್ತೆ ಕರೆಯಬಾರದು. ಅದರ ಬಗೆ ನೋಡಬೇಕು. 'ಕನೆಕ್ಟ್‌ಎಕ್ಸೆಪ್ಶನ್' ಆದರೆ ಸಂಪರ್ಕವೇ ಆಗಿಲ್ಲ, ಮತ್ತೆ ಕರೆಯಬಹುದು. 'ಅನ್‌ಮಾರ್ಷಲ್‌ಎಕ್ಸೆಪ್ಶನ್' ಆದರೆ ಸರ್ವರ್ ಕೆಲಸ ಮುಗಿಸಿ, ಉತ್ತರ ಮಾತ್ರ ದಾರಿಯಲ್ಲಿ ಕಳೆದಿರಬಹುದು. ಮತ್ತೆ ಕರೆದರೆ ಒಬ್ಬರಿಗೆ ಎರಡು ಸೀಟು. ಪ್ರತಿ ಕೋರಿಕೆಗೂ ಕ್ಲೈಂಟು ಒಂದು ಸಂಖ್ಯೆ ಕೊಟ್ಟು, ಮುಗಿದ ಸಂಖ್ಯೆಗಳನ್ನು ಸರ್ವರ್ ನೆನಪಿಟ್ಟುಕೊಂಡರೆ ಈ ಭಯವಿಲ್ಲ. ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದಕ್ಕೂ ತಾನಾಗಿ ಮಿತಿ ಇರುವುದಿಲ್ಲ, ನಾವೇ ಇಡಬೇಕು. ಹಲವು ಕ್ಲೈಂಟುಗಳ ಕರೆಗಳು ಒಂದೇ ಆಬ್ಜೆಕ್ಟಿನ ಮೇಲೆ ಏಕಕಾಲಕ್ಕೆ ಬರಬಹುದಾದ್ದರಿಂದ ಸೀಟಿನ ಲೆಕ್ಕಕ್ಕೆ ಬೀಗವೂ ಬೇಕು.

1099 ಪೋರ್ಟನ್ನು ಇಂಟರ್‌ನೆಟ್ಟಿಗೆ ತೆರೆದಿಡುವುದು ಬೇಡವೇ ಬೇಡ. ಕರೆ ಬಂದಾಗ ಸರ್ವರ್ ಹೊರಗಿನವರು ಕಳಿಸಿದ ಬೈಟುಗಳಿಂದ ಆಬ್ಜೆಕ್ಟ್ ಕಟ್ಟುತ್ತದೆ, ಅದು ಅಪಾಯದ ಕೆಲಸ. ಜಾವಾ 9ರಲ್ಲಿ ಇದಕ್ಕೆಂದೇ ಫಿಲ್ಟರುಗಳು ಬಂದವು.

ಇವತ್ತು ಹೊಸ ಕೆಲಸಕ್ಕೆ ಆರ್‌ಎಂಐ ಆರಿಸುವವರು ಕಡಿಮೆ. ಇದೇ ಕೆಲಸವನ್ನು ಬೇರೆ ಬೇರೆ ಭಾಷೆಗಳ ನಡುವೆ ಮಾಡುತ್ತಿದ್ದ ಕೋರ್ಬಾವನ್ನು 2018ರ ಜಾವಾ 11ರಲ್ಲಿ ತೆಗೆದುಹಾಕಲಾಯಿತು. ಆದರೆ ಸರ್ವರಿನ ಮೆಮೊರಿ, ಥ್ರೆಡ್ಡುಗಳನ್ನು ದೂರದಿಂದ ನೋಡಲು ಜೆಕನ್ಸೋಲ್ ತೆರೆದರೆ ಅದರಡಿಯ ಜೆಎಂಎಕ್ಸ್ ಸಾಗುವುದು ಆರ್‌ಎಂಐ ಮೇಲೆಯೇ. ಡಾಕರ್ ಕಂಟೇನರಿನೊಳಗಿನ ಸರ್ವರಿಗೆ ಜೆಕನ್ಸೋಲ್ ಜೋಡಿಸಲು ಹೋಗಿ ಸೋತವರು ಜೆಎಂಎಕ್ಸ್ ಪೋರ್ಟ್, ಅದರ ಆರ್‌ಎಂಐ ಪೋರ್ಟ್ ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯನ್ನು ಕಂಟೇನರಿನಿಂದ ಹೊರಗೆ ತೆರೆದು, ಹೋಸ್ಟ್‌ನೇಮ್ ಪ್ರಾಪರ್ಟಿಯಲ್ಲಿ ಹೊರಗಿನ ವಿಳಾಸ ಬರೆದು ನೋಡಲಿ.