ನಿಂತ ನೆಲದ ಸರ್ವೆ ನಂಬರು

'ಭೂಮಿ' ಗಣಕದಲ್ಲಿ ಪಹಣಿ ಹುಡುಕಲು ಜಿಲ್ಲೆ ಮಂಡ್ಯ, ತಾಲ್ಲೂಕು ಮದ್ದೂರೋ ಮಳವಳ್ಳಿಯೋ, ಆಮೇಲೆ ಹೋಬಳಿ, ಗ್ರಾಮ, ಸರ್ವೆ ನಂಬರು ಎಲ್ಲವನ್ನೂ ನೀವೇ ಹೇಳಬೇಕು. ನಂಬರೇ ಗೊತ್ತಿಲ್ಲದಿದ್ದರೆ? ರಾಜ್ಯ ದೂರಸಂವೇದಿ ಕೇಂದ್ರ ಸಿದ್ಧಪಡಿಸಿದ 'ದಿಶಾಂಕ್' ಆ್ಯಪ್ ತೆರೆದು ಕಬ್ಬಿನ ಗದ್ದೆಯಲ್ಲಿ ನಿಂತರಾಯಿತು. ಉಪಗ್ರಹಗಳ ಸಂಕೇತದಿಂದ ಫೋನು ತಾನಿರುವ ಅಕ್ಷಾಂಶ, ರೇಖಾಂಶ ಲೆಕ್ಕಹಾಕುತ್ತದೆ. ಆ ಬಿಂದು ಗ್ರಾಮನಕಾಶೆಯ ಯಾವ ಗೆರೆಗಳ ಒಳಗೆ ಬೀಳುತ್ತದೆಂದು ಗಣಕ ನೋಡುತ್ತದೆ. ನೀವು ಕೈಯಾರೆ ತುಂಬಬೇಕಿದ್ದುದನ್ನು ನಿಂತ ಜಾಗವೇ ತುಂಬಿಕೊಡುತ್ತದೆ. ಸನ್ನಿವೇಶ ಅರಿತು ಮಾಹಿತಿ ಹುಡುಕುವುದೆಂದರೆ ಇದೇ.

ಆದರೆ ಫೋನಿನ ಲೆಕ್ಕ ನಾಲ್ಕೈದು ಮೀಟರು ತಪ್ಪಬಹುದು. ನಮ್ಮ ಗದ್ದೆಯ ಬದುವೋ, ಅಡಿ ಎರಡಡಿ! ಅದರ ಮೇಲೆ ನಿಂತವರಿಗೆ ಪಕ್ಕದವರ ನಂಬರು ಬಂದರೆ ಅಚ್ಚರಿಯಿಲ್ಲ. ಅಣ್ಣತಮ್ಮಂದಿರ ಬದುವಿನ ಜಗಳಕ್ಕೆ ಇದನ್ನು ಸಾಕ್ಷಿಯಾಗಿ ಒಯ್ಯಬೇಡಿ. ಅದಕ್ಕೆ ಸರ್ವೆಯರು ಬಂದು ಅಳೆಯಲೇಬೇಕು.