ಸ್ಯಾಕ್ಸೋಫೋನ್ ಕೀ ಅಂಟಿಕೊಂಡ್ರೆ ಏನು ಮಾಡೋದು?

ಕದ್ರಿ ಗೋಪಾಲನಾಥ್ ಅವರನ್ನು ಕೇಳಿ ಬೆಳೆದವನು ನಾನು. ಮಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ಆಲ್ಟೋ ಸ್ಯಾಕ್ಸೋಫೋನ್ ಕೊಂಡ ವಾರದಲ್ಲೇ ಒಂದು ಮದುವೆಗೆ ನುಡಿಸೋಕೆ ಕರೆದ್ರು. ಹಿಂದಿನ ರಾತ್ರಿ ನೋಡಿದ್ರೆ ಜಿ ಶಾರ್ಪ್ ಬರ್ತಾನೇ ಇಲ್ಲ! ಕೀ ಒತ್ತಿದರೂ ಪ್ಯಾಡ್ ಏಳಲ್ಲ, ಬರೀ ಜಿ ಕೇಳುತ್ತೆ.

ಕಾರಣ ಇಷ್ಟೇ: ನುಡಿಸದಿದ್ದಾಗ ಈ ಪ್ಯಾಡ್ ಮುಚ್ಚಿಯೇ ಇರುತ್ತೆ, ಅದನ್ನು ಎತ್ತುವ ಸ್ಪ್ರಿಂಗ್‌ಗೆ ಬಲ ಕಡಿಮೆ. ಎಂಜಲು, ಸಿಹಿ ಮೆತ್ತಿದ ಚರ್ಮ ಅಲ್ಲೇ ಅಂಟಿಕೊಳ್ಳುತ್ತೆ.

ಪ್ಯಾಡನ್ನು ಬೆರಳಿಂದ ಮೆಲ್ಲಗೆ ಎತ್ತಿದೆ. ಇಯರ್ ಬಡ್‌ಗೆ ತುಸು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ತೂತಿನ ಅಂಚು ಒರೆಸಿದೆ. ಒಣಗಿದ ಮೇಲೆ ಸಿಗರೇಟ್ ಪೇಪರ್ ಇಟ್ಟು ಹಗುರವಾಗಿ ಒತ್ತಿದೆ. ಪೇಪರ್ ಎಳೀಬೇಡಿ, ಚರ್ಮ ಹರಿಯಬಹುದು. ಪೌಡರ್, ಎಣ್ಣೆ ಬೇಡವೇ ಬೇಡ. ಪ್ಯಾಡೇ ಹರಿದಿದ್ರೆ ರಿಪೇರಿಯವರ ಹತ್ತಿರ ಹೋಗಿ.

ಮದುವೆಯಲ್ಲಿ ಸ್ವರ ಕೈಕೊಡಲಿಲ್ಲ. ಈಗ ಚಾ ಕುಡಿದ್ರೆ ಬಾಯಿ ಮುಕ್ಕಳಿಸದೆ ಊದಲ್ಲ.